ಸಾವಂತ್ರಿಯ ಹೆಸರಿಗೆ ಬಿದ್ದ ಕೆಂಪು

ಕಮಲಾ ಅಕ್ಕೋರಿಗೆ ನಿಮ್ಮ ಶಮೀಮಳ ಸಲಾಮು, ನಮಸ್ಕಾರ ಎರಡೂ.

ನೀವಿದ್ದಾಗ ಎರಡನ್ನೂ ಹೇಳಿಸಿಕೊಳ್ಳುತ್ತಿದ್ದಿರಿ. "ಒಂದ ನಿಮ್ಮ ಅಮ್ಮಿ ಕಡಿಂದ, ಒಂದ ನಿನ್ನ ಕಡಿಂದ" ಎಂದು ನಗುತ್ತಿದ್ದಿರಿ. ನೀವು ಹೋಗಿ ಎರಡು ಮಳೆಗಾಲ ಕಳೆದವು. ಇವತ್ತು ರವಿವಾರ, ಮಧ್ಯಾಹ್ನ. ಮೇಜಿನ ಮೇಲೆ ಎರಡು ಹಾಳೆ ಇಟ್ಟುಕೊಂಡು ಕೂತಿದ್ದೇನೆ. ಒಂದು, ಮೇಲಿನವರು ಕೇಳಿರುವ ಲಿಖಿತ ವಿವರಣೆಗೆ. ಇನ್ನೊಂದು ಇದು. ಅವರಿಗೆ ಬರೆಯುವ ಮೊದಲು ನಿಮಗೆ ಹೇಳಬೇಕು ಅನಿಸಿತು. ನಾನೊಂದು ಹೇಸಿಗೆ ಕೆಲಸ ಮಾಡಿದೆ, ಅಕ್ಕೋರೇ. ಅದೂ ನೀವು ಕಲಿಸಿದ ಪಾಠದಲ್ಲೇ.

ಧುಪದಾಳದ ಸಾಲಿಯಲ್ಲಿ ನಾನು ಮೂರನೇ ಇಯತ್ತೆಯಲ್ಲಿದ್ದಾಗ ನೀವು ಗೋಕಾಕದಿಂದ ಕಟ್ಟಿಗೆಯ ಹಣ್ಣುಗಳನ್ನು ತಂದಿದ್ದಿರಿ. ಹಸಿರು ಬಣ್ಣದ ಒಂದನ್ನು ಎತ್ತಿ ಹಿಡಿದು "ಇದೇನ?" ಅಂದಿರಿ. ನಾನು ಜೋರಾಗಿ "ಜಾಮ" ಅಂದೆ. ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕು "ಪೇರಲ, ಪೇರಲ" ಎಂದು ಕೂಗಿದರು. ನಾನು ತಲೆ ತಗ್ಗಿಸುವಷ್ಟರಲ್ಲಿ ನೀವು ಹಲಗೆಯ ನಡುವೆ ಗೆರೆ ಎಳೆದು ಒಂದು ಕಡೆ 'ಆಡೋದು', ಇನ್ನೊಂದು ಕಡೆ 'ಬರಿಯೋದು' ಎಂದು ಬರೆದಿರಿ. ಆಡೋದರ ಕೆಳಗೆ ಜಾಮ, ಪೇರಲ. ಬರಿಯೋದರ ಕೆಳಗೆ ಸೀಬೆ. "ಇದರಾಗ ತಪ್ಪ ಯಾವುದೂ ಇಲ್ಲ. ಯಾವುದ ಎಲ್ಲಿ ಬೇಕು, ಅಷ್ಟ ಗೊತ್ತಿರಬೇಕು" ಅಂದಿರಿ. ಆ ವರ್ಷವೆಲ್ಲ ನಮ್ಮ ನೋಟುಬುಕ್ಕಿನಲ್ಲಿ ಆ ಎರಡು ಸಾಲು ಇದ್ದವು. ಆ ನೋಟುಬುಕ್ಕು ಈಗಲೂ ನನ್ನ ಹತ್ತಿರ ಇದೆ.

ಗೋಕಾಕದ ನಿಮ್ಮ ಮನೆಗೆ ನಾನು ನೌಕರಿ ಸಿಕ್ಕ ಸುದ್ದಿ ಹೇಳಲು ಬಂದ ದಿನ, ಬುದ್ಧನ ಪಟದ ಕೆಳಗೆ ಕೂತು ನೀವು ಒಂದು ಮಾತು ಹೇಳಿದಿರಿ. ಮೂಡಲಗಿಯಲ್ಲಿ ನೀವು ಸಣ್ಣವರಿದ್ದಾಗ ನಿಮ್ಮ ಮಾಸ್ತರರು ನಿಮ್ಮ ಓಣಿಯ ಮಾತನ್ನು ಇಡೀ ತರಗತಿಯ ಮುಂದೆ ಅಣಕಿಸಿ ತೋರಿಸಿದ್ದರಂತೆ. "ಅವತ್ತಿಂದ ಒಂದ ವರ್ಷ ನಾ ಸಾಲ್ಯಾಗ ಬಾಯಿ ತೆರೀಲಿಲ್ಲ ನೋಡ, ಶಮೀಮಾ. ಕೂಸಿನ ಬಾಯಿ ಮುಚ್ಚಸಾಕ ಬಡಿಗಿ ಪೆಟ್ಟ ಬೇಕಂತಿಲ್ಲ" ಅಂದಿರಿ. ನಾನು ತಲೆಯಾಡಿಸಿದೆ. ಎಷ್ಟು ತಿಳಿದವಳ ಹಾಗೆ ತಲೆಯಾಡಿಸಿದೆ ಎಂದು ಈಗ ನೆನೆದರೆ…

ಹೋದ ಜೂನಿನಲ್ಲಿ ನಮಗೆ ಗೋಕಾಕದಲ್ಲಿ ಟ್ಯಾಬ್ ತರಬೇತಿ ಇತ್ತು. ಮಕ್ಕಳು ಟ್ಯಾಬ್ ಮುಂದೆ ಹೆಸರು ಹೇಳಿ ಒಳಗೆ ಹೋಗಬೇಕು, ಚಿತ್ರ ನೋಡಿ ಹೆಸರಿಸಬೇಕು, ಪಾಠ ಓದಬೇಕು. ಸರಿ ಇದ್ದರೆ ಪಟ್ಟಿಯಲ್ಲಿ ಮಗುವಿನ ಹೆಸರು ಹಸಿರು, ಇಲ್ಲದಿದ್ದರೆ ಕೆಂಪು. ಕಲಿಸಲು ಬಂದಿದ್ದ ಯುವಕ ಬಹಳ ನಯವಾಗಿ, "ನಿಮ್ಮ ಭಾಗದ ಮಕ್ಕಳ ಉಚ್ಚಾರಣೆ ಶುದ್ಧವಾಗಿಲ್ಲ ಮೇಡಮ್, ಆ್ಯಪ್ ಅದನ್ನು ತಿದ್ದುತ್ತದೆ" ಎಂದ. ಊಟದ ಬಿಡುವಿನಲ್ಲಿ ನಾನು ಕೈ ತೊಳೆಯಲು ಹೋದರೆ ಅದೇ ಯುವಕ ನಲ್ಲಿಯ ಬಾಜೂಕ್ಕೆ ನಿಂತು ಫೋನಿನಲ್ಲಿ ತಾಯಿಗೆ ಹೇಳುತ್ತಿದ್ದ: "ಊಟಾ ಆತೇನವಾ? ನಂದ ಇನ್ನೂ ಐತಿ. ಸಂಜೀಕ ಮನೀಗಿ ಬರ್ತೇನಿ." ನನಗೆ ನಗು ಬರಬೇಕಿತ್ತು. ಮೈ ಉರಿಯಿತು. ಆದರೂ ಊಟದ ನಂತರ ಒಳಗೆ ಹೋಗಿ ಸುಮ್ಮನೆ ಕೂತು, ಅವನು ಹೇಳಿದ್ದನ್ನೆಲ್ಲ ಬರೆದುಕೊಂಡೆ.

ಟ್ಯಾಬ್‌ಗಳು ಯಮಕನಮರಡಿ ಹತ್ತಿರದ ನಮ್ಮ ಸಾಲಿಗೆ ಬಂದ ದಿನ ಮಕ್ಕಳ ಕುಣಿದಾಟ ನೀವು ನೋಡಬೇಕಿತ್ತು. ಅನ್ಯಾಯದ ಮಾತು ಆಡುವುದಿಲ್ಲ, ಮೊದಲ ವಾರ ನಾನೂ ಕುಣಿದೆ. ನಮ್ಮ ಮಕ್ಕಳು ಸಮುದ್ರ ನೋಡಿದರು. ಮೊಟ್ಟೆ ಒಡೆದು ಮರಿ ಬರುವುದನ್ನು ಹಿಂದೆ ಮುಂದೆ ಓಡಿಸಿ ಹತ್ತು ಸಲ ನೋಡಿದರು. ತರಗತಿಗೆ ರೇಡಿಯೋ ಹೊತ್ತು ತಂದವರು ನೀವು, ಇದನ್ನು ಬೇಡ ಅನ್ನುತ್ತಿದ್ದಿರಾ? ಆಮೇಲೆ ಬೀಗ ಬಂತು. ಹಾಳಾದರೆ ಯಾರು ಜವಾಬ್ದಾರರು ಎಂದು ಹೆಡ್‌ಮಾಸ್ತರರು ಅವನ್ನು ಕಬ್ಬಿಣದ ಕಪಾಟಿನಲ್ಲಿಟ್ಟರು. ಸಮುದ್ರ ಹೋಯಿತು, ಮೊಟ್ಟೆ ಹೋಯಿತು. ವಾರಕ್ಕೊಮ್ಮೆ ಪರೀಕ್ಷೆಗೆ ಮಾತ್ರ ಹೊರಗೆ. ಅದರೊಳಗಿನ ಹೆಣ್ಣು ಧ್ವನಿಗೆ ಮಕ್ಕಳು 'ಡಬ್ಬಿ ಅಕ್ಕೋರು' ಎಂದು ಹೆಸರಿಟ್ಟರು.

ಸಾವಂತ್ರಿ ಡಬ್ಬಿ ಅಕ್ಕೋರ ಮುಂದೆ ಮೊದಲು ಕೂತ ಗಳಿಗೆ ನನಗೆ ನಿನ್ನೆಯ ಹಾಗೆ ನೆನಪಿದೆ. ನಾಲ್ಕನೇ ಇಯತ್ತೆಯ ಹುಡುಗಿ. ಅವಳ ತಾಯಿ ಹೈವೇ ಮೇಲಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಅಲ್ಲಿ ಬರುವ ಲಾರಿಯವರ ಕಥೆಗಳನ್ನೆಲ್ಲ ಈಕೆ ಮುಂಜಾನೆ ತರಗತಿಗೆ ತರುತ್ತಿದ್ದಳು. ಬಾಯಿ ಅಂದರೆ ಬಾಯಿ. "ಸಾಕ ಬಿಡವಾ" ಎಂದು ನಾನೇ ಕೈ ಮುಗಿಯಬೇಕಿತ್ತು. ಡಬ್ಬಿ "ನಿಮ್ಮ ಹೆಸರು ಹೇಳಿ" ಅಂತು. ಇವಳು ಕುತ್ತಿಗೆ ಉದ್ದ ಮಾಡಿ "ಸಾವಂತ್ರಿ" ಅಂದಳು. ಕೆಂಪು. "ಮತ್ತೊಮ್ಮೆ ಪ್ರಯತ್ನಿಸಿ" ಅಂತು ಡಬ್ಬಿ. ದಾಖಲೆಯಲ್ಲಿ ಅವಳು ಸಾವಿತ್ರಿ. "ಸಾವಂತ್ರಿ!" ಮತ್ತೆ ಕೆಂಪು. ಮೂರನೆಯ ಸಲಕ್ಕೆ ತರಗತಿ ಹೊಟ್ಟೆ ಹಿಡಿದು ನಕ್ಕಿತು. ಅವಳು ನನ್ನ ಕಡೆ ತಿರುಗಿ, "ಅಕ್ಕೋರ, ನನ್ನ ಹೆಸರ ತಪ್ಪ ಐತೇನ್ರಿ?" ಅಂದಳು.

ನೀವಾಗಿದ್ದರೆ ಅಲ್ಲೇ ಎದ್ದು ಹಲಗೆಯ ನಡುವೆ ಗೆರೆ ಎಳೆಯುತ್ತಿದ್ದಿರಿ. ನಾನೇನು ಮಾಡಿದೆ ಗೊತ್ತೇ? "ಸಾವಿತ್ರಿ ಅನ್ನವಾ, ಲಗೂ ಆಗತೈತಿ" ಅಂದೆ. ಅವಳು ಹಾಗೇ ಅಂದು ಒಳಗೆ ಹೋದಳು. ಹಿಂದೆ ಇನ್ನೂ ಇಪ್ಪತ್ತು ಮಕ್ಕಳು ಕಾದಿದ್ದರು, ಚಾರ್ಜು ಇಳಿಯುತ್ತಿತ್ತು. ಇದೂ ಒಂದು ಕಾರಣವೇ?

ಅವಳ ತಾಯಿ ಸಾಲಿಗೆ ಬಂದದ್ದು ಅದಾದ ಒಂದೆರಡು ವಾರಕ್ಕೆ. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ಅಷ್ಟರಲ್ಲಿ ಹುಡುಗಿ ಪೇರಲದ ಚಿತ್ರಕ್ಕೆ ಪೇರಲ ಎಂದು, ಉಳ್ಳಾಗಡ್ಡಿಯ ಚಿತ್ರಕ್ಕೆ ಉಳ್ಳಾಗಡ್ಡಿ ಎಂದು, ಒಂದೊಂದಕ್ಕೂ ಕೆಂಪು ತಿಂದು ತರಗತಿಯಲ್ಲಿ ಪೂರ್ತಿ ಸುಮ್ಮನಾಗಿದ್ದಳು. "ಅಕ್ಕೋರ, ಮನ್ಯಾಗ ಯಾರರ ಹೆಸರ ಹಿಡದ ಕರದ್ರ ಓ ಅನವಲ್ಲಳ್ರಿ. ಸಾವಂತ್ರಿ ಅನ್ನಬ್ಯಾಡ, ಅದು ತಪ್ಪ ಅಂತಾಳ್ರಿ. ನಮ್ಮತ್ತಿ ಹೆಸರ್ರಿ ಅದು. ಸತ್ತಾಕಿ ಹೆಸರ ತಪ್ಪ ಹೆಂಗ ಆಗತೈತ್ರಿ?" ನಾನು "ಸಣ್ಣಕಿ ಅದಾಳ, ಸರಿ ಹೋಗತಾಳ ಬಿಡ್ರಿ" ಅಂದೆ. ಆಕೆ ನನ್ನ ಮಾತು ನಂಬಿ ಕೆಲಸಕ್ಕೆ ಹೋದಳು.

ಅದೇ ವಾರದ ಶುಕ್ರವಾರ ಹೆಡ್‌ಮಾಸ್ತರರು ಪಟ್ಟಿ ತೋರಿಸಿದ್ದು ನೆನಪಿದೆ. "ಎಲ್ಲಾ ಹಸರ ಆಗ್ಯಾವ್ರಿ, ನಿಮ್ಮದೊಂದ ಕೆಂಪ ಉಳದೈತಿ. ಸೋಮವಾರ ಸಾಹೇಬ್ರು ಬರಾಕತ್ತಾರ. ಏನರ ಮಾಡ್ರಿ." ಈ 'ಏನರ ಮಾಡ್ರಿ' ಎಂಬುದರ ಅರ್ಥ ನಮ್ಮ ಇಲಾಖೆಯಲ್ಲಿ ಯಾರಿಗೆ ಗೊತ್ತಿಲ್ಲ, ಅಕ್ಕೋರೇ? ಸಾವಂತ್ರಿಯನ್ನು ಕರೆದು ಟ್ಯಾಬ್ ಮುಂದೆ ಕೂಡಿಸಿದೆ. ತುಟಿ ಬಿಚ್ಚಲಿಲ್ಲ. ಆಗ ನಾನು ಬಗ್ಗಿ, ಎಳೆಯ ದನಿ ಮಾಡಿ, "ಸಾವಿತ್ರಿ" ಅಂದೆ. ಬಾಗಿಲು ತೆರೆಯಿತು. ಸೀಬೆ ಅಂದೆ, ಈರುಳ್ಳಿ ಅಂದೆ, ಪಾಠ ಓದಿದೆ. ನಲವತ್ತು ದಾಟಿದ ಹೆಂಗಸು, ಒಂಬತ್ತು ವರ್ಷದ ಹುಡುಗಿಯ ಧ್ವನಿ ಕದ್ದುಕೊಂಡು. "ಶಭಾಷ್! ತುಂಬಾ ಚೆನ್ನಾಗಿದೆ!" ಎಂದು ಡಬ್ಬಿ ಚಪ್ಪಾಳೆ ತಟ್ಟಿತು. ಹುಡುಗಿ ಪರದೆ ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಕೇಳಿದಳು: "ಶಭಾಷ್ ಅಂದಿದ್ದು ನಿಮಗೋ ನನಗೋ, ಅಕ್ಕೋರ?"  ನನ್ನ ಧ್ವನಿ ನನಗೇ ಹೇಸಿಗೆ ಅನಿಸಿತು.

ಸೋಮವಾರ ಶಿಕ್ಷಣಾಧಿಕಾರಿ ಸಾಹೇಬರು ಬಂದಾಗ ಕರೆಂಟ್ ಇರಲಿಲ್ಲ. ಅರ್ಧ ಟ್ಯಾಬ್‌ಗಳು ಸತ್ತಿದ್ದವು. ಆದರೂ ಫೋಟೋ ಆಗಬೇಕಲ್ಲ. "ಟ್ಯಾಬ್ ನೋಡ್ರಿ, ನಗ್ರಿ" ಎಂದು ಮಕ್ಕಳಿಗೆ ಹೇಳಿದರು. ಮಕ್ಕಳು ಕಪ್ಪು ಪರದೆಯಲ್ಲಿ ತಮ್ಮದೇ ಮುಖ ನೋಡಿಕೊಂಡು ಹಲ್ಲು ಕಿರಿದರು. ಆ ಫೋಟೋಕ್ಕೆ ಎಷ್ಟು ಮೆಚ್ಚುಗೆ ಬಂತು ಅಂತೀರಿ! ಮಸಿ ಬಳಿಯಬೇಕು ಅದಕ್ಕೆ. ಫೋಟೋ ಮುಗಿದ ಮೇಲೆ ಸಾಹೇಬರು ಪಟ್ಟಿಯ ಮೇಲೆ ಬೆರಳಾಡಿಸಿ, "ಈ ಸಾವಿತ್ರಿ ಯಾರು? ವಾರದಾಗ ಕೆಂಪಿಂದ ಹಸರ ಆಗ್ಯಾಳಲ್ಲ! ಓದವಾ ನೋಡೂಣು" ಅಂದರು. ಹುಡುಗಿ ಎದ್ದು ನಿಂತಳು. ಪುಸ್ತಕ ನೋಡಲಿಲ್ಲ, ನನ್ನನ್ನೇ ನೋಡಿದಳು. ನನ್ನ ಬಾಯಿಂದ ಬಂತು: "ಇವತ್ತ ಆಕಿ ಗಂಟಲ ಕೆಟ್ಟೈತ್ರಿ, ಸಾಹೇಬ್ರ."

ಮರುದಿನ ನಾನು ಹಾಜರಿ ಕರೆದೆ. ಅವಳ ಹೆಸರು ಬಂದಾಗ ಅವಳು ಎದ್ದು ನಿಂತು, ಮುಖದಲ್ಲಿ ಏನೂ ಇಲ್ಲದೆ, "ಗಂಟಲ ಕೆಟ್ಟೈತ್ರಿ" ಅಂದಳು. ಮಗ್ಗಿ ಕೇಳಿದರೂ ಅದೇ. ಪದ್ಯ ಹೇಳು ಅಂದರೂ ಅದೇ. ಒಂದು ದಿನ, ಎರಡು ದಿನ, ಹದಿನೈದು ದಿನ. ನಾನು ಕೊಟ್ಟ ಸುಳ್ಳನ್ನು ಆ ಹುಡುಗಿ ಹೊದ್ದುಕೊಂಡು ಕೂತುಬಿಟ್ಟಳು. ಒಂದ ವರ್ಷ ನಾ ಸಾಲ್ಯಾಗ ಬಾಯಿ ತೆರೀಲಿಲ್ಲ ಎಂಬ ನಿಮ್ಮ ಮಾತು ಆಗ ನೆನಪಾಯಿತು. ನಿಮ್ಮನ್ನು ಅಣಕಿಸಿದ ಆ ಮಾಸ್ತರರ ಮೇಲೆ ನನಗೆ ಎಷ್ಟು ಸಿಟ್ಟಿತ್ತು! ಅವರ ಕುರ್ಚಿಯಲ್ಲಿ ಈಗ ಕೂತವಳು ನಾನೇ ಅಲ್ಲವೇ, ಅಕ್ಕೋರೇ?

ಹೆಡ್‌ಮಾಸ್ತರರ ಕೋಣೆಗೆ ಹೋಗಿ ಆ ಹಸಿರನ್ನು ತೆಗೆಯಿರಿ ಎಂದು ಕೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಸರ ಆಗಿದ್ದನ್ನ ಕೆಂಪ ಮಾಡಂತೀರಿ? ಹುಚ್ಚ ಗಿಚ್ಚ ಹಿಡದೈತೇನ್ರಿ? ಆ್ಯಪಿನ್ಯಾಗ ಅಂಥಾ ದಾರೀನ ಇಲ್ಲ." ಖರೇನೇ ಇಲ್ಲ. ಕೆಂಪು ಹಸಿರಾಗಲು ನೂರು ದಾರಿ ಮಾಡಿದವರು, ಹಸಿರು ಕೆಂಪಾಗಬೇಕಾದೀತು ಎಂದು ಯೋಚಿಸಿಯೇ ಇಲ್ಲ. ಕೊನೆಗೆ ನಾನೇ ಒಂದು ಅರ್ಜಿ ಬರೆದು ಹುಕ್ಕೇರಿಯ ಶಿಕ್ಷಣ ಕಚೇರಿಗೆ ಹೋಗಿ ಕೈಯಾರೆ ಕೊಟ್ಟು ಬಂದೆ. 'ಸದರಿ ವಿದ್ಯಾರ್ಥಿನಿಯ ಹೆಸರಿನಲ್ಲಿ ಓದಿದವಳು ನಾನು. ಆಕೆಯ ಫಲಿತಾಂಶವನ್ನು ಮೊದಲಿನಂತೆ ಕೆಂಪು ಮಾಡಬೇಕಾಗಿ ವಿನಂತಿ.' ತೆಗೆದುಕೊಂಡವರು ಎರಡು ಸಲ ಓದಿ, "ಇದನ್ನ ಯಾವ ಫೈಲಿನ್ಯಾಗ ಇಡಬೇಕ್ರಿ?" ಅಂದರು. ಒಂದು ವಾರದಲ್ಲಿ ಹೆಸರು ಕೆಂಪಾಯಿತು. ಅದರ ಜೊತೆಗೇ ನನಗೆ ನೋಟೀಸು ಬಂತು. ಏನು ಶಿಕ್ಷೆ ಕೊಡುತ್ತಾರೋ ಗೊತ್ತಿಲ್ಲ. ಕೊಡಲಿ.

ಹೆಸರು ಕೆಂಪಾದ ದಿನ ನಾನು ಮೂರನೇ ಇಯತ್ತೆಯ ಆ ಹಳೆಯ ನೋಟುಬುಕ್ಕನ್ನು ತರಗತಿಗೆ ಒಯ್ದೆ. "ಆ ಹಸರ ಸಾವಂತ್ರಿದ ಅಲ್ಲ, ನಂದು. ಆಕಿ ಹೆಸರಿನ್ಯಾಗ ನಾ ಓದೇನಿ. ಸುಳ್ಳ ಹೇಳೇನಿ. ಆಕಿ ಗಂಟಲೂ ಕೆಟ್ಟಿರಲಿಲ್ಲ" ಅಂದೆ.  ಹಿಂದಿನಿಂದ "ಅಕ್ಕೋರು ಕಾಪಿ ಹೊಡದಾರೋ!" ಎಂದು ಒಂದು ದನಿ ಬಂತು. ತರಗತಿಯೆಲ್ಲ ನಕ್ಕಿತು. ಸಾವಂತ್ರಿ ನಗಲಿಲ್ಲ. ನಾನು ಹಲಗೆಯ ನಡುವೆ ಗೆರೆ ಎಳೆದು 'ಆಡೋದು', 'ಬರಿಯೋದು' ಎಂದು ಬರೆದೆ. ಮಕ್ಕಳು ಒಂದೊಂದೇ ಹೇಳತೊಡಗಿದರು. ಮನಿ, ಮನೆ. ಪೇರಲ, ಸೀಬೆ. ಉಳ್ಳಾಗಡ್ಡಿ, ಈರುಳ್ಳಿ. ಗೆರೆಯ ಎರಡೂ ಕಡೆ ತುಂಬಿ ಬಂತು. ಬಹಳ ಹೊತ್ತಿನ ಮೇಲೆ ಕಿಟಕಿ ಕಡೆಯಿಂದ ಸಣ್ಣಗೆ ಕೇಳಿಸಿತು: "ಸಾವಂತ್ರಿ ಯಾವ ಕಡೆ ಬರೀಬೇಕ್ರಿ?"  ನಾನು ಸೀಮೆಸುಣ್ಣದ ಖಡು ಅವಳ ಕೈಗೆ ಕೊಟ್ಟೆ. ಅವಳು ಹೋಗಿ ಎರಡೂ ಕಡೆ 'ಸಾವಂತ್ರಿ' ಎಂದೇ ಬರೆದು ಬಂದು ಕೂತಳು.

ಮೊನ್ನೆ ಗುರುವಾರ ಮತ್ತೆ ಕಪಾಟು ತೆರೆದರು. ನಿಮಗೆ ಹೇಳಬೇಕೆಂದಿದ್ದ ಸುದ್ದಿ ಇದೇ. ಅವಳ ಸರದಿ ಬಂತು. "ನಿಮ್ಮ ಹೆಸರು ಹೇಳಿ" ಅಂತು ಡಬ್ಬಿ. "ಸಾವಂತ್ರಿ." ಕೆಂಪು. "ಮತ್ತೊಮ್ಮೆ ಪ್ರಯತ್ನಿಸಿ." ಯಾರೂ ನಗಲಿಲ್ಲ. ಅವಳು ಎರಡೂ ಕೈ ಮೇಜಿನ ಮೇಲೆ ಊರಿ, ಪರದೆಗೆ ಮುಖ ತಂದು, ಕಿವಿ ಮಂದವಾದ ಮುದುಕಿಗೆ ಹೇಳುವ ಹಾಗೆ ನಿಧಾನಕ್ಕೆ, ಗಟ್ಟಿಯಾಗಿ ಹೇಳಿದಳು:

"ನೀನ ಮತ್ತೊಮ್ಮಿ ಕೇಳ. ನಾ ಸಾವಂತ್ರಿ."

ಆಮೇಲೆ ಟ್ಯಾಬನ್ನು ಬದಿಗೆ ಸರಿಸಿ, ಪುಸ್ತಕ ತೆಗೆದು, ಯಾರೂ ಕೇಳದೆಯೇ ಇಡೀ ಪಾಠ ಓದಿದಳು. ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಕೆಂಪೇ ಇದೆ, ಅಕ್ಕೋರೇ. ಆ ಕೆಂಪನ್ನು ನಾನು ಮುಟ್ಟುವುದಿಲ್ಲ.

ನಿಮ್ಮ
ಶಮೀಮಾ