ತಟ್ಟೆಯಲ್ಲೇ ಬಿಟ್ಟ ಕವಳ

ಜನವರಿ ೧೮, ಭಾನುವಾರ. ಬೊಬ್ರುವಾಡ.

ಕೆನ್ನೆಯೊಳಗಿನ ಬಿಳಿ ಕಲೆಗೆ ಮತ್ತೆ ಮತ್ತೆ ನಾಲಿಗೆ ಹೋಗುತ್ತಿದೆ. ಕಾರವಾರದ ಡಾಕ್ಟರಮ್ಮ ಮೊನ್ನೆಯೇ ಹೇಳಿದ್ದರು: ಅಡಿಕೆ, ತಂಬಾಕು ಜಗಿಯದ ದೇಶಗಳಲ್ಲಿ ಬಾಯಿ ಕ್ಯಾನ್ಸರ್ ಬಹಳ ಕಡಿಮೆ, ನಮ್ಮ ಗಂಡಸರಲ್ಲಿ ಅದೇ ಹೆಚ್ಚು. ಈಗಲೇ ಬಿಟ್ಟರೆ ನಾನು ಉಳಿದುಕೊಳ್ಳಬಹುದಂತೆ.

ಇಂದು ರಾಕ್ಷಸನ ಪಾತ್ರಕ್ಕೆ ಕರೆಯುವ ವೀಳ್ಯದ ತಟ್ಟೆ ಬಂತು. ಎಲೆಯನ್ನಷ್ಟೇ ಎತ್ತಿಕೊಂಡು, ಕವಳಕ್ಕೆ ಸೇರಿಸಿ ಜಗಿಯುವ ಅಡಿಕೆ, ತಂಬಾಕನ್ನು ತಟ್ಟೆಯಲ್ಲೇ ಬಿಟ್ಟೆ. ನಾಟಕದ ಯಜಮಾನ ಬೊಮ್ಮಯ್ಯ ನಕ್ಕ.

“ಎಂತಾ ಮಾರಾಯಾ, ಕವಳ ಇಲ್ದೆ ರಾಕ್ಷಸ ಗರ್ಜಿಸ್ತ್ನಾ? ಅರ್ಧ ವೀಳ್ಯಕ್ಕೆ ಅರ್ಧ ಪಾರ್ಟೇ!”

“ಬೊಮ್ಮಯ್ಯಾ!” ಹೆಂಚು ಅದುರುವಂತೆ ಕೂಗಿದೆ. “ಕವಳ ಹಾಕದ ದೇಶದವ್ರ ಬಾಯಿ ಎಂತಾ ಚಿನ್ನದ್ದನಾ? ನಮ್ದೂ ಅದೇ ಮಾಂಸ!”

ಪಾತ್ರ ಬೇರೆಯವನ ಪಾಲಾದರೆ ಆಗಲಿ. ಮೊದಲ ಸಾಲಿನಲ್ಲಿ ಕುಳಿತು ಅವನಿಗಿಂತ ಜೋರಾಗಿ ಗರ್ಜಿಸುತ್ತೇನೆ. ಬಾಯಿಯಂತೂ ನನ್ನಲ್ಲೇ ಇರುತ್ತದಲ್ಲ...