ಅಣಬೆ ಪೆಪ್ಪರ್ ಡ್ರೈ

ತೀರ್ಥಹಳ್ಳಿ,
ಭಾನುವಾರ ಬೆಳಿಗ್ಗೆ

ಕವನಕ್ಕನವರಿಗೆ ನಮಸ್ಕಾರ.

ನಾನು ನಿಮ್ಮೂರ ಕ್ರಾಸಿನಲ್ಲಿರುವ ಬಾರಿನ ಅಡುಗೆಯವನು. ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ಯಜಮಾನರು ಅಶ್ವಿನ್ ಅಣ್ಣನ ಫೋನು ಸ್ವಿಚ್ ಆಫ್ ಬರುತ್ತಿದೆ, ಅದಕ್ಕೇ ಮನೆ ಗೊತ್ತಿರುವ ಆಟೋದವರ ಕೈಯಲ್ಲಿ ಈ ಪತ್ರ ಕಳಿಸಿದ್ದೇನೆ.

ನಿನ್ನೆ ಸಂಜೆ ಅಣ್ಣ ನಮ್ಮಲ್ಲಿದ್ದರು. ಮನೆಯಲ್ಲಿ ಏನು ಹೇಳಿದ್ದಾರೋ ಗೊತ್ತಿಲ್ಲ, ಬೈಯುವುದಿದ್ದರೆ ಆಮೇಲೆ ಬೈಯಿರಿ. ಗಿರಾಕಿಗಳು ಏಡಿ, ಮೀನು ತಂದುಕೊಟ್ಟರೆ ಹುರಿದುಕೊಡುವುದು ನಮ್ಮಲ್ಲಿ ರೂಢಿ. ಅಣ್ಣ ದಾರಿಯಲ್ಲಿ ಕಿತ್ತ ಅಣಬೆ ತಂದಿದ್ದರು. ನನಗೆ ಯಾಕೋ ಅನುಮಾನ ಬಂತು, ಕೇಳಿದೆ. "ಸಣ್ಣವನಿದ್ದಾಗಿಂದ ತಿಂತಾ ಇದೀನಿ ಮಾರಾಯ, ಪೆಪ್ಪರ್ ಡ್ರೈ ಮಾಡು" ಅಂದರು. ಮಾಡಿಕೊಟ್ಟೆ.

ಈಗಲೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಟೋ ಅಲ್ಲೇ ಕಾಯುತ್ತದೆ. "ನಂಗೆ ಎಂತ ಆಗಿಲ್ಲ" ಅಂದರೆ ನಂಬಬೇಡಿ. ವಾಂತಿಯಾಗುತ್ತಿದ್ದರೆ ಕುಡಿದದ್ದು ಹೆಚ್ಚಾಗಿದೆ ಎಂದುಕೊಂಡು ಮಜ್ಜಿಗೆ ಕೊಟ್ಟು ಮಲಗಿಸಬೇಡಿ. ಜೊತೆಗಿರುವ ಡಬ್ಬಿಯಲ್ಲಿ ಬೇಯಿಸದೆ ಉಳಿದ ಅಣಬೆ ಇದೆ, ಡಾಕ್ಟರಿಗೆ ತೋರಿಸಿ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ನಾನೇ ಬರಬೇಕಿತ್ತು. ಬೆಳಗಿನ ಜಾವದಿಂದ ವಾಂತಿ, ಭೇದಿ. ಎದ್ದು ನಿಲ್ಲಲು ಆಗುತ್ತಿಲ್ಲ. ನನ್ನನ್ನೂ ಆಸ್ಪತ್ರೆಗೆ ಹೊರಡಿಸುತ್ತಿದ್ದಾರೆ.

ಉಪ್ಪು ನೋಡಲೆಂದು ನಾನು ಬಾಯಿಗೆ ಹಾಕಿಕೊಂಡದ್ದು ಒಂದೇ ಒಂದು ಚೂರು, ಅಕ್ಕ. ಅಣ್ಣ ಪ್ಲೇಟು ಖಾಲಿ ಮಾಡಿದ್ದಾರೆ.

ತಡ ಮಾಡಬೇಡಿ.

ಡಾಕೇಶ