ಇವತ್ತು ಯಾರೂ ಇಲ್ಲ

ಕರಡಿಮಡ್ಡಿ ಸಾಲು
ಸಾಲು ಕಟ್ಟಿದ ೧೬೨ನೆಯ ವರ್ಷ, ಮೊದಲ ಮುಂಗಾರು, ಗಾಲಿವಾರ

ಕರಡಿಮಡ್ಡಿಯ ಚಾ ಅಂಗಡಿ ಹುಲಿಗೆವ್ವನವರಿಗೆ, ಅದೇ ಊರಿನ ಗಾಳೆವ್ವ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ, ಯಾರೋ ಚೇಷ್ಟೆ ಮಾಡಿದ್ದಾರೆಂದು ಈ ಕಾಗದದಲ್ಲಿ ಮಿರ್ಚಿ ಕಟ್ಟಿ ಕೊಟ್ಟುಬಿಡಬೇಡಿ ಅವ್ವಾ. ನಿಮ್ಮ ಪಂಚಾಂಗದಲ್ಲಿ ಗಾಲಿವಾರ ಇಲ್ಲವೆಂದು ನನಗೆ ಗೊತ್ತು. ನಮ್ಮ ವಾರಕ್ಕೆ ಎಂಟು ದಿನ. ರವಿವಾರದ ಮರುದಿನ ಬಂಡಿ ಓಡುವುದಿಲ್ಲ. ಊರವರು ಸೇರಿ ಅದನ್ನು ತೊಳೆದು, ಗಾಲಿ ಬಿಚ್ಚಿ ನೋಡಿ, ಸೀಟಿನ ಹರಕು ಹೊಲಿಯುತ್ತಾರೆ. ಅದೇ ಗಾಲಿವಾರ. ಬಂಡಿ ಎಂದರೆ ನಿಮ್ಮ ಬಸ್ಸೇ. ಬಿಸಿಲಿನ ಬಲದಿಂದ ಓಡುತ್ತದೆ, ಸದ್ದು ಕಡಿಮೆ, ಧೂಳು ಮಾತ್ರ ನಿಮ್ಮ ಕಾಲದಷ್ಟೇ. ನಿಮಗೂ ನನಗೂ ನಡುವೆ ನೂರಾ ಎಂಬತ್ತು ವರ್ಷಗಳಿವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದ ನಿಮಗೆ ಮುಟ್ಟುವುದು ಹಿಂದಂಚೆಯಿಂದ. ಹಿಂದಕ್ಕೆ, ಅಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಒಂದು ಸಾಲಿನಿಂದ, ಅಂದರೆ ಊರುಗಳ ಒಂದು ಕೂಟದಿಂದ, ವರ್ಷಕ್ಕೆ ಒಂದೇ ಕಾಗದ ಕಳಿಸಬಹುದು. ಉತ್ತರ ಬರುವುದಿಲ್ಲವಾದ್ದರಿಂದ ಇದು ನಿಜವಾಗಿ ಮುಟ್ಟುತ್ತದೆಯೋ, ಯಾವುದಾದರೂ ಹಾಳುಬಾವಿಗೆ ಬೀಳುತ್ತದೆಯೋ ಯಾರಿಗೂ ತಿಳಿಯದು. ಹೋದ ವರ್ಷ ನಮ್ಮವರು ಮರೆತುಹೋದ ಒಂದು ಉಪ್ಪಿನಕಾಯಿಯ ಹದ ಕೇಳಿ ಬರೆದು ಅವಕಾಶ ಹಾಳುಮಾಡಿದರು. ಈ ವರ್ಷದ್ದನ್ನು ನಾನು ಕಾಡಿ ಬೇಡಿ ಪಡೆದಿದ್ದೇನೆ.

ನಾನು ಸುಳ್ಳು ಹೇಳುತ್ತಿಲ್ಲ ಎನ್ನುವುದಕ್ಕೆ ನಿಮ್ಮದೇ ಕಥೆಯನ್ನು ನಿಮಗೆ ಒಪ್ಪಿಸುತ್ತೇನೆ. ನಿಮ್ಮೂರಿಗೆ ದಿನಕ್ಕೆ ಒಂದೇ ಬಸ್ಸು ಬರುತ್ತಿತ್ತು. ಕಲೆಕ್ಷನ್ ಇಲ್ಲವೆಂದು ಅದನ್ನೂ ನಿಲ್ಲಿಸಿದರು. ನೀವು ಊರವರ ಸಹಿ ಹಾಕಿಸಿ ಅರ್ಜಿ ಕೊಟ್ಟಿರಿ. ಎರಡು ತಿಂಗಳ ಮೇಲೆ ಒಂದೇ ವಾಕ್ಯದ ಉತ್ತರ ಬಂತು: ‘ನಿಮ್ಮ ಮನವಿಯನ್ನು ಪರಿಶೀಲಿಸಲಾಗುವುದು.’ ಆ ಮಾತಿಗೆ ಕಚೇರಿಯ ಭಾಷೆಯಲ್ಲಿ ಏನರ್ಥವೆಂದು ಪೇಟೆಯ ಯಾರನ್ನು ಕೇಳಿದ್ದರೂ ನಕ್ಕು ಹೇಳುತ್ತಿದ್ದರು. ನೀವು ಕೇಳಲಿಲ್ಲ. ‘ಪರಿಶೀಲನಾಕ ಸಾಹೇಬ್ರು ಬರ್ತಾರ. ಬಂದಾಗ ಎಷ್ಟು ಮಂದಿ ಕಾಯ್ತೀರಿ ಅಂತ ಕೇಳ್ತಾರ. ಬರದು ಇಟ್ಟಿರಬೇಕು’ ಎಂದು ನೂರು ಹಾಳೆಯ ಪುಸ್ತಕವೊಂದನ್ನು ತಂದು, ಬೇವಿನ ಗಿಡದ ಕೆಳಗಿನ ನಿಮ್ಮ ಅಂಗಡಿಯಲ್ಲಿ ಕುಳಿತು, ಬಾರದ ಬಸ್ಸಿಗೆ ಕಾದವರನ್ನು ಬರೆಯತೊಡಗಿದಿರಿ.

ಸಾಹೇಬರು ಬರಲಿಲ್ಲ. ಅದನ್ನು ಹೇಳಲು ನನಗೆ ನೋವಾಗುತ್ತದೆ, ಆದರೂ ಹೇಳಬೇಕು. ಅವರು ಬರುವುದೇ ಇಲ್ಲ ಅವ್ವಾ. ಆದರೆ ನೀವು ಹನ್ನೊಂದು ವರ್ಷ ಬರೆಯುತ್ತೀರಿ, ಇಪ್ಪತ್ತಾರು ಪುಸ್ತಕ. ಅವೆಲ್ಲ ಈಗ ನನ್ನ ಎದುರಿನ ಕಪಾಟಿನಲ್ಲಿವೆ, ಚಹಾದ ಕಲೆಗಳ ಸಮೇತ. ‘ಬಾಣಂತಿ ಒಬ್ಬಾಕಿ, ಟ್ರ್ಯಾಕ್ಟರಿನ್ಯಾಗ ಹೋದ್ಲು.’ ‘ಪರೀಕ್ಷಾ ಇತ್ತು, ಹುಡಿಗೇರು ಮೂರು ಮಂದಿ, ನಡಕೋಂತ ಹೋದ್ರು.’ ‘ಎಂಟು ಮಂದಿ. ಒಬ್ಬಾಕಿ ಬಸರು ಅದಾಳ, ಎಂಟೋ ಒಂಬತ್ತೋ ತಿಳೀವಲ್ದು.’ ‘ಕುಪ್ಪಸ ಹೊಲಿಸಾಕ ಹೊಂಟಿದ್ಲು, ಬ್ಯಾಡಾತು ಅಂತ ವಾಪಸ್ ಹೋದ್ಲು.’ ಈ ಕುಪ್ಪಸದವಳು ನನಗೆ ಬಹಳ ಇಷ್ಟ. ಅವಳನ್ನೂ ಎಣಿಸಬೇಕೆಂದು ನಿಮಗೆ ಹೊಳೆದದ್ದು ದೊಡ್ಡದು.

ನಿಮ್ಮ ಕಾಲದಲ್ಲಿ ಟಿಕೆಟ್ ತೆಗೆದವರನ್ನಷ್ಟೇ ಎಣಿಸುತ್ತಿದ್ದರು. ಹತ್ತುವವರು ಕಡಿಮೆ ಎಂದು ಬಸ್ಸು ಕಡಿಮೆ ಮಾಡಿದರು. ಬಸ್ಸು ಕಡಿಮೆ ಆಯಿತೆಂದು ಮಂದಿ ಹತ್ತುವುದನ್ನೇ ಬಿಟ್ಟರು. ನಿಮ್ಮ ಪುಸ್ತಕಗಳಲ್ಲಿ ಇದ್ದದ್ದು ಹತ್ತಲಾಗದವರ ಲೆಕ್ಕ. ಅವನ್ನು ಮುಂದೆ ಓದಿದವರು ಸಾಲು ಕಟ್ಟಿದರು. ಸಾಲು ಎಂದರೆ ಒಂದೇ ದಾರಿಯ ಮೇಲೆ ಬಾಳುವ ಊರುಗಳ ಕೂಟ. ನಮ್ಮದರಲ್ಲಿ ಹತ್ತೊಂಬತ್ತು ಸ್ಟಾಪುಗಳಿವೆ. ಬಂಡಿಯ ಖರ್ಚಿನಲ್ಲಿ ಅರ್ಧವನ್ನು ಪೇಟೆ ಕೊಡುತ್ತದೆ. ಅಲ್ಲಿನ ಸಂತೆ, ದವಾಖಾನೆ, ಕಾಲೇಜುಗಳು ನಡೆಯುವುದೇ ಹಳ್ಳಿಯವರು ಹೋಗಿ ಬರುವುದರಿಂದ; ಹಾಗಾಗಿ ಬರುವ ದಾರಿಗೆ ಅವೇ ಕೊಡಲಿ ಎಂದು ಬಹಳ ಜಗಳವಾಡಿ ಒಪ್ಪಿಸಿದರಂತೆ. ಕಾಲು ಭಾಗ ಸರ್ಕಾರದ್ದು. ಉಳಿದ ಕಾಲು ಭಾಗವನ್ನು ಊರುಗಳು ಹೆಚ್ಚಾಗಿ ಮೈಮುರಿದು ದುಡಿದು ತೀರಿಸುತ್ತವೆ: ರಸ್ತೆಯ ಗುಂಡಿ ಮುಚ್ಚುವುದು, ಗಾಲಿವಾರದ ಕೆಲಸ, ವಸ್ತಿಗೆ ಬಂದ ಡ್ರೈವರನಿಗೆ ರೊಟ್ಟಿ, ಪುಂಡಿಪಲ್ಯ. ಹತ್ತುವಾಗ ಯಾರೂ ಏನೂ ಕೊಡುವುದಿಲ್ಲ. ಪ್ರತಿ ಸ್ಟಾಪಿನಲ್ಲೂ ಆ ಸ್ಟಾಪಿನವರೇ ಒಬ್ಬರು, ಬಂಡಿ ಬರುವ ಎರಡು ಹೊತ್ತಿನಲ್ಲೂ ಕುಳಿತು, ಕಾಯುವವರನ್ನು ನಿಮ್ಮಂತೆಯೇ ಬರೆಯುತ್ತಾರೆ. ಆ ಎಣಿಕೆಯ ಮೇಲೆ ಬಂಡಿ ಎಲ್ಲಿಗೆ ಎಷ್ಟು ಸಲ ಹೋಗಬೇಕೆಂದು ತೀರ್ಮಾನವಾಗುತ್ತದೆ. ಹತ್ತೊಂಬತ್ತೂ ಪುಸ್ತಕಗಳನ್ನು ಓದಿ ಮುದ್ರೆ ಒತ್ತುವವಳು ನಾನು. ನನ್ನನ್ನು ಪುಸ್ತಕದವಳು ಎನ್ನುತ್ತಾರೆ.

ನಿಮ್ಮ ಕಾಲದ ಮಾತುಗಳೂ ಉಳಿದಿವೆ. ವಸ್ತಿ ಬಂಡಿ ಕೊನೆಯ ಊರಿನಲ್ಲೇ ತಂಗಿ, ಬೆಳಿಗ್ಗೆ ಅಲ್ಲಿಂದಲೇ ಹೊರಡುತ್ತದೆ. ದೂರದವರಿಗೆ ಮೊದಲ ಸೀಟು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು ಈಗಲೂ ನಡೆಯುತ್ತದೆ, ಈಗಲೂ ಅದರಿಂದ ಬೈದಾಟವಾಗುತ್ತದೆ. ನಮ್ಮ ಸಾಲುಸಭೆಯಲ್ಲಿ ತಕರಾರು ಇದ್ದವರು ಎದ್ದು ನಿಂತು ‘ಹೋಲ್ಡಾನ್’ ಎನ್ನಬೇಕು. ಆ ಮಾತು ಬಿದ್ದರೆ ಎಂಥ ನಿರ್ಣಯವೂ ಅಲ್ಲೇ ನಿಲ್ಲುತ್ತದೆ. ಬಗೆಹರಿದ ಮೇಲೆ ಹಿರಿಯರು ‘ರೈಟ್ ರೈಟ್’ ಎನ್ನುತ್ತಾರೆ. ಇವು ಯಾವ ಭಾಷೆಯ ಮಂತ್ರಗಳೆಂದು ಪಂಡಿತರು ಕಿತ್ತಾಡುತ್ತಾರೆ. ಹೋಲ್ಡಾನ್ ಎನ್ನುವುದು ಒಬ್ಬ ಸಿದ್ಧಪುರುಷನ ಹೆಸರೆಂದು ಒಬ್ಬರು ಇನ್ನೂರು ಪುಟ ಬರೆದಿದ್ದಾರೆ. ನೀವು ನಗುತ್ತಿರಬಹುದು. ನಗಿ, ನಿಮಗೆ ಆ ಹಕ್ಕಿದೆ.

ಈಗ ನಾನು ಬಂದ ಕೆಲಸ ಹೇಳುತ್ತೇನೆ. ನಿಮ್ಮ ಮೊದಲ ಪುಸ್ತಕದ ಮೊದಲ ಹಾಳೆಯ ಮೇಲೆ ಹೀಗಿದೆ: ‘ಇದರಾಗ ನನ್ನನ್ನ, ನಮ್ಮ ಮನಿಯವರನ್ನ ಬರದಿಲ್ಲ. ಲೆಕ್ಕ ಹೆಚ್ಚು ಮಾಡ್ಯಾಳ ಅಂತ ಸಾಹೇಬ್ರು ಸಂಶಯ ಪಡಬಾರದು.’ ನೀವು ಇದನ್ನು ಬರೆದದ್ದು ಮರ್ಯಾದೆಗೆ ಅಂಜಿ. ನಮ್ಮವರು ಇದನ್ನು ಕಟ್ಟಳೆ ಮಾಡಿಕೊಂಡರು. ಬರೆಯುವವರನ್ನೂ, ಪುಸ್ತಕದವಳನ್ನೂ, ಅವರ ಮನೆಯವರನ್ನೂ ಎಣಿಸುವಂತಿಲ್ಲ. ನೂರಾ ಇಪ್ಪತ್ತು ದಿನ ಒಂದೇ ಸಮನೆ ‘ಇವತ್ತು ಯಾರೂ ಇಲ್ಲ’ ಎಂದಿದ್ದರೆ ಸ್ಟಾಪು ಮುಚ್ಚಬೇಕು. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ನಮ್ಮ ಸಾಲಿನ ಕೊನೆಯ ಸ್ಟಾಪು ಜೋಡುಹುಣಚಿ. ಹಿಂದಿನ ಸ್ಟಾಪಿನಿಂದ ಎರಡು ಹರದಾರಿ ದೂರ. ಮೊದಲು ಹನ್ನೆರಡು ಮನೆಗಳಿದ್ದವು. ಬಾವಿ ಉಪ್ಪಾದ ಮೇಲೆ ಒಂದೊಂದೇ ಮನೆಯವರು ಹೋದರು. ಈಗ ಉಳಿದವರು ಖಾಸಿಂಬಿ ಒಬ್ಬರೇ. ಅವರ ಕುರಿಗಳು ಅಲ್ಲಿವೆ, ಗಂಡನ ಗೋರಿ ಅಲ್ಲಿದೆ, ಹೋಗುವುದಿಲ್ಲ ಎನ್ನುತ್ತಾರೆ. ಅವರೇ ಆ ಸ್ಟಾಪಿನ ಬರೆಯುವವರು. ಅವರ ಎಡಗಣ್ಣು ಹೋಗಿದೆ, ಬಲಗಣ್ಣಿಗೆ ಮಂಜು ಕಟ್ಟುತ್ತಿದೆ. ಎಂಟು ದಿನಕ್ಕೊಮ್ಮೆ ಪೇಟೆಯ ದವಾಖಾನೆಯಲ್ಲಿ ಔಷಧಿ ಬಿಡಿಸಿಕೊಳ್ಳದಿದ್ದರೆ ಅದೂ ಹೋಗುತ್ತದೆ. ಹಾಗಾಗಿ ಅವರು ವಾರವಾರ ಬೆಳಿಗ್ಗೆ ಸ್ಟಾಪಿಗೆ ಬಂದು, ‘ಇವತ್ತು ಯಾರೂ ಇಲ್ಲ’ ಎಂದು ಬರೆದು, ಪುಸ್ತಕವನ್ನು ಚೀಲದಲ್ಲಿಟ್ಟು, ಬಂಡಿ ಹತ್ತುತ್ತಾರೆ.

ನಾನು ಇದನ್ನು ಬರವಣಿಗೆಯಿಂದ ಕಂಡುಹಿಡಿದೆ. ಅವರ ಅಕ್ಷರ ವಾರದಿಂದ ವಾರಕ್ಕೆ ದಪ್ಪವಾಗುತ್ತ, ಗೆರೆ ಬಿಟ್ಟು ಕೆಳಗಿಳಿಯುತ್ತ ಬಂತು. ಏನಾಗಿದೆಯೆಂದು ನೋಡಲು ಹೋದೆ. ಕೈಯಿಂದ ತಡವಿ ನನ್ನ ಮುಖ ಗುರುತಿಸಿ, ಚಹಾ ಮಾಡಿಕೊಟ್ಟರು. ನಿಮ್ಮನ್ನೇಕೆ ಬರೆದುಕೊಳ್ಳಲಿಲ್ಲ ಎಂದು ಕೇಳಿದ್ದಕ್ಕೆ ನನ್ನ ಮೇಲೆಯೇ ರೇಗಿದರು. ‘ಹುಲಿಗೆವ್ವ ಹನ್ನೊಂದು ವರ್ಷ ತನ್ನ ಹೆಸರು ಬರೀಲಿಲ್ಲ. ನಾ ಏನ್ ಆಕಿಗಿಂತ ದೊಡ್ಡಾಕಿ ಏನವಾ? ಸುಳ್ಳು ಬರದು ಬಂಡಿ ತರಸ್ಕೊಂಡ್ಲು ಅಂತ ಮಂದಿ ಅನಬೇಕಾ?’ ಬರೆಯುವ ಕೆಲಸ ಬಿಡಿ, ಆಗ ಎಣಿಕೆಗೆ ಬರುತ್ತೀರಿ ಎಂದೆ. ‘ಬಿಟ್ರ ಬರಿಯಾಕ ಇಲ್ಲಿ ಯಾರದಾರ, ಕುರೀನಾ?’ ಎಂದು ನಕ್ಕರು. ನನಗೆ ನಗಲು ಆಗಲಿಲ್ಲ.

ಸಾಲುಸಭೆಯ ಹಿರಿಯರು ಅಂಬರಯ್ಯನವರು. ಒಳ್ಳೆಯವರೇ, ಆದರೆ ಕಲ್ಲು. ಅವರ ಮನೆಗೆ ಮೂರು ಸಲ ಹೋದೆ. ‘ಹುಲಿಗೆವ್ವ ಬರದಿದ್ದು ಬರದಿದ್ದು. ಅದರಾಗ ಒಂದಕ್ಷರ ತಿದ್ದಾಕ ನೀ ಯಾರವ್ವ? ಇವತ್ತು ಒಬ್ಬಾಕಿ ತನ್ನ ಹೆಸರು ಬರಕೊಂಡ್ರ, ನಾಳೆ ಎಲ್ಲಾರೂ ಮನಿಮಂದೀನೆಲ್ಲಾ ಬರೀತಾರ’ ಎಂದರು. ಅವರ ಮಾತಿನಲ್ಲೂ ಹುರುಳಿದೆ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನಿಜ ಹೇಳಲೇ? ನಿಮ್ಮ ಮೇಲೂ ಬಂತು. ಒಬ್ಬ ಸಾಹೇಬನ ಸಂಶಯಕ್ಕೆ ಅಂಜಿ, ನಿಮ್ಮನ್ನು ನೀವೇ ಲೆಕ್ಕದಿಂದ ಅಳಿಸಿಕೊಂಡಿರಲ್ಲ, ಯಾಕವ್ವಾ? ನೀವು ಪೇಟೆಗೆ ಹೋಗಬೇಕಾಗಿರಲಿಲ್ಲವೇ? ನಿಮಗೆ ಜ್ವರ ಬರುತ್ತಿರಲಿಲ್ಲವೇ?

ನಿನ್ನೆಗೆ ನೂರಾ ಹದಿನೇಳು ದಿನಗಳಾದವು. ಗಾಲಿವಾರ ಲೆಕ್ಕಕ್ಕಿಲ್ಲ, ನಾಳೆಯಿಂದ ಇನ್ನು ಮೂರು. ನಾಲ್ಕನೆಯ ದಿನ ಬೆಳಿಗ್ಗೆ ಸಭೆ ಕೂಡುತ್ತದೆ, ನಾನು ಮುದ್ರೆ ಒತ್ತಬೇಕು.

ಇವತ್ತು ಬಂಡಿಯಿಲ್ಲದ ದಿನವಾದ್ದರಿಂದ ನಿಮ್ಮ ಪುಸ್ತಕಗಳನ್ನು ಮತ್ತೆ ತೆಗೆದು ಕುಳಿತೆ. ಮೂರನೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ನೀವು ಬರೆದದ್ದು: ‘ಇವತ್ತು ಯಾರೂ ಇಲ್ಲ. ಸಾಹೇಬ್ರೂ ಬರಲಿಲ್ಲ.’ ಅದರ ಕೆಳಗೆ ಮೂರು ಗೆರೆ ಖಾಲಿ. ಇದನ್ನು ಎಷ್ಟೋ ಸಲ ಓದಿದ್ದೇನೆ. ಓದಿದಾಗಲೆಲ್ಲ ಖಾಲಿ ಕಟ್ಟೆ, ಬೇವಿನ ಗಿಡ, ಬಿಸಿಲು ಕಣ್ಣಿಗೆ ಬರುತ್ತಿತ್ತು. ಇವತ್ತು ಮೊದಲ ಸಲ ನನ್ನ ದಡ್ಡತನ ನನಗೇ ತಿಳಿಯಿತು. ಯಾರೂ ಇಲ್ಲ ಎಂದು ಬರೆದವರು ಯಾರು? ಕಟ್ಟೆಯ ಮೇಲೆ ನೀವು ಇದ್ದಿರಿ. ಹನ್ನೊಂದು ವರ್ಷದ ಪ್ರತಿ ದಿನದ ಲೆಕ್ಕದಲ್ಲೂ ಒಂದು ತಪ್ಪಿದೆ, ಅದು ನೀವೇ.

ಈ ಕಾಗದ ಆ ಮೂರನೆಯ ಪುಸ್ತಕ ಮುಗಿದ ದಿನಕ್ಕೆ ಮುಟ್ಟಬೇಕೆಂದು ಹಿಂದಂಚೆಯವರಿಗೆ ಹೇಳಿದ್ದೇನೆ. ನನ್ನದು ಒಂದೇ ಬೇಡಿಕೆ. ಆ ಖಾಲಿ ಗೆರೆಯಲ್ಲಿ ‘ನಾ ಇದ್ದೆ’ ಎಂದು ಬರೆಯಿರಿ. ಎರಡೇ ಮಾತು. ನಿಮ್ಮ ಒಂದಕ್ಷರವನ್ನೂ ತಿದ್ದದ ಅಂಬರಯ್ಯನವರು ನೀವೇ ಬರೆದದ್ದನ್ನು ತಳ್ಳಿಹಾಕುವಂತಿಲ್ಲ. ನಿಮ್ಮ ಬಸ್ಸು ಯಾವಾಗ ಬರುತ್ತದೆ, ಅದನ್ನು ನೀವು ಹತ್ತುತ್ತೀರೋ ಇಲ್ಲವೋ ಹೇಳಲು ಹಿಂದಂಚೆಯ ನಿಯಮ ನನ್ನನ್ನು ಬಿಡುವುದಿಲ್ಲ. ಬಿಟ್ಟಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನೇ ಹೇಳುತ್ತಿದ್ದೆ.

ನಾಳೆಯಿಂದ ಮೂರು ದಿನ, ಬೆಳಿಗ್ಗೆ ಎದ್ದ ಕೂಡಲೇ ಆ ಹಾಳೆ ತೆರೆದು ನೋಡುತ್ತೇನೆ. ಸಭೆಯ ದಿನವೂ ಆ ಗೆರೆಗಳು ಖಾಲಿಯೇ ಇದ್ದರೆ, ನಿಮಗೆ ಕಾಗದ ಮುಟ್ಟಲಿಲ್ಲ ಎಂದುಕೊಳ್ಳುತ್ತೇನೆ, ನಿಮ್ಮನ್ನು ಬೈಯುವುದಿಲ್ಲ. ಆಗ ನಾನು ಎದ್ದು ‘ಹೋಲ್ಡಾನ್’ ಎನ್ನುತ್ತೇನೆ. ಪುಸ್ತಕದವಳಿಗೆ ಆ ಮಾತು ಆಡುವ ಹಕ್ಕಿಲ್ಲ. ಆಡಿದರೆ ಮುದ್ರೆಯನ್ನೂ ಪುಸ್ತಕವನ್ನೂ ಸಭೆಯ ನಡುವೆ ಕೆಳಗಿಟ್ಟು ಹೋಗಬೇಕು. ನೂರಾ ಅರವತ್ತೆರಡು ವರ್ಷಗಳಲ್ಲಿ ಯಾರೂ ಆಡಿಲ್ಲ. ಈ ಕೆಲಸವೆಂದರೆ ನನಗೆ ಪ್ರಾಣ. ಆದರೆ ಪುಸ್ತಕ ಕೆಳಗಿಟ್ಟ ಮೇಲೆ ನಾನು ಪುಸ್ತಕದವಳಲ್ಲ, ನನ್ನನ್ನು ಎಣಿಸಬಹುದು. ಜೋಡುಹುಣಚಿಯಲ್ಲಿ ಹನ್ನೊಂದು ಮನೆ ಖಾಲಿ ಇವೆ. ಒಂದರ ಕಸ ಹೊಡೆದು ಒಲೆ ಹಚ್ಚಿದರೆ ನಾನು ಆ ಸ್ಟಾಪಿನವಳು. ಬೆಳಿಗ್ಗೆ ಹೋಗಿ ಕಟ್ಟೆಯ ಮೇಲೆ ಖಾಸಿಂಬಿಯವರ ಪಕ್ಕ ಕೂರುತ್ತೇನೆ. ಅವರು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ: ‘ಇವತ್ತು ಒಬ್ಬಾಕಿ.’

ಎಂದು ನಿಮ್ಮ ಸಾಲಿನ ಗಾಳೆವ್ವ